ಗೋಡೆವ್ವನ ಅರ್ಧ ಚಮಚ ಉಪ್ಪು

ಕಾಲುವೆ ನಿಂತ ಇನ್ನೂರ ಹದಿನೇಳನೆಯ ವರ್ಷ,
ಎರಡನೆಯ ಭಾದ್ರಪದ, ಹಿರಿಯರ ಅಮಾವಾಸ್ಯೆಯ ಇಳಿಹೊತ್ತು.
ಏಳನೇ ತೂಬಿನ ಕೇರಿಯಿಂದ.

ನಮಗಿಂತ ಮೊದಲು ಬದುಕಿದ ಹಿರಿಯರಿಗೆ,

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ನಿಮ್ಮ ಇಸವಿಗಳ ಲೆಕ್ಕವನ್ನು ನಮ್ಮವರು ನಡುವೆ ಎಲ್ಲೋ ಕೈಬಿಟ್ಟರು. ದೊಡ್ಡ ಕಾಲುವೆಯಲ್ಲಿ ಕೊನೆಯ ಸಲ ನೀರು ಹರಿದ ವರ್ಷವನ್ನು ಒಂದು ಎಂದು ಹಿಡಿದು ನಾವು ಎಣಿಸುತ್ತೇವೆ. ಭಾದ್ರಪದ ನಮ್ಮಲ್ಲಿ ಎರಡು. ಮೊದಲನೆಯದರಲ್ಲಿ ಮಳೆ ಬಾರದಿದ್ದರೆ ಇನ್ನೊಂದು ಸಲ ಕಾದು ನೋಡೋಣ ಎಂದು ಯಾರೋ ಹಿಂದಿನವರು ತೀರ್ಮಾನ ಮಾಡಿದರು. ಎರಡನೆಯದರಲ್ಲೂ ಬರುವುದಿಲ್ಲ, ಆ ಮಾತು ಬೇರೆ. ನನ್ನ ಬರಹ ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಿಮ್ಮ ಕಾಲದ ಅಕ್ಷರವನ್ನೂ ವಾಕ್ಯವನ್ನೂ ನಾನು ಕಲಿತದ್ದು ನೀವು ಬಿಟ್ಟುಹೋದ ಗೋಡೆ, ಮೈಲಿಗಲ್ಲು, ತಗಡಿನ ಫಲಕಗಳಿಂದ. ಹಾಗಾಗಿ ಅಲ್ಲಲ್ಲಿ ಸರಕಾರಿ ಪ್ರಕಟಣೆಯ ಧಾಟಿ ಬಂದೀತು. ನಾವು ಆಡುವ ಮಾತು ಬೇರೆ, ಅದು ನಡುನಡುವೆ ನಿಮಗೇ ಕೇಳಿಸುತ್ತದೆ.

ನನ್ನ ಹೆಸರು ಹುಲಿಗೆವ್ವ. ಉಪ್ಪು ಬೆಳೆಯುವ ಹೆಂಗಸು. ನನ್ನ ಮಗಳು ಯಂಕವ್ವನ ಕೂಸು ತಿಮ್ಮಿಗೆ ನಿನ್ನೆಯಿಂದ ವಾಂತಿಭೇದಿ ಹತ್ತಿದೆ. ಇನ್ನೂ ಹಲ್ಲು ಮೂಡದ ಕೂಸು. ನಾನು ಕುಳಿತಿರುವ ಜಾಗದಿಂದ ಕೂಗಳತೆಯೂ ಇಲ್ಲ, ಅಲ್ಲಿ ಅದಕ್ಕೆ ಕುಡಿಸುವ ನೀರು ಕುದಿಯುತ್ತಿದೆ. ಕುದಿಸುತ್ತಿರುವವಳು ನನ್ನ ಒಡಹುಟ್ಟಿದ ಅಕ್ಕ ಬಸಲಿಂಗವ್ವ. ಆ ನೀರು ಹೊಟ್ಟೆಗೆ ಹೋದರೆ ಕೂಸು ಉಳಿಯುವುದಿಲ್ಲ ಎಂದು ನನಗೆ ಗೊತ್ತು. ಅಕ್ಕ ಒಪ್ಪುವುದಿಲ್ಲ, ಮಗಳು ಒಪ್ಪುವುದಿಲ್ಲ, ಊರು ಒಪ್ಪುವುದಿಲ್ಲ. ಉಳಿದವರು ನೀವು. ಅದಕ್ಕೇ ಬರೆಯುತ್ತಿದ್ದೇನೆ.

ಈ ಕಾಗದಕ್ಕೆ ನಮ್ಮಲ್ಲಿ ಎಡೆಕಾಗದ ಎನ್ನುತ್ತಾರೆ. ನೀವು ಈ ಅಮಾವಾಸ್ಯೆಯಲ್ಲಿ ನಿಮ್ಮ ಹಿರಿಯರಿಗೆ ಎಳ್ಳುನೀರು ಬಿಡುತ್ತಿದ್ದಿರಂತೆ. ನಮ್ಮಲ್ಲಿ ನೀರು ಚೆಲ್ಲಿದವರನ್ನು ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಆದ್ದರಿಂದ ನೀರಿನ ಬದಲು ಹಿರಿಯರಿಗೆ ಕಾಗದ ಬರೆದು, ಎಡೆಯ ಜೊತೆ ಇಟ್ಟು, ಕತ್ತಲಾಗುವ ಮೊದಲು ತೂಬಿನ ಬಾಯಿಗೆ ತುರುಕುತ್ತೇವೆ. ನಿಮ್ಮ ಕಾಲದಿಂದ ನಮಗೆ ಬಂದದ್ದೆಲ್ಲ ಕಾಲುವೆಯಲ್ಲೇ ಹರಿದು ಬಂತು, ಹಾಗಾದರೆ ಹಿಂದಕ್ಕೆ ಹೋಗುವುದೂ ಅದೇ ದಾರಿಯಲ್ಲಿ ಎಂಬುದು ನಂಬಿಕೆ. ಹೆಚ್ಚಿನವರು ನಿಮ್ಮನ್ನು ಬೈಯಲೆಂದೇ ಬರೆಯುತ್ತಾರೆ. ನಾನೂ ವರ್ಷಾನುಗಟ್ಟಲೆ ಹೊಟ್ಟೆ ತುಂಬ ಬೈದಿದ್ದೇನೆ. ಎಡೆಕಾಗದ ಬರೆಯುತ್ತಿರುವವರನ್ನು ಎಬ್ಬಿಸಬಾರದು, ಮುಟ್ಟಬಾರದು ಎಂಬ ಕಟ್ಟಳೆಯಿದೆ. ಈಗ ನನ್ನ ಎಡಬಲಕ್ಕೆ ಇಬ್ಬರು ಗಂಡಸರು ಕಾವಲು ಕೂತಿದ್ದಾರೆ. ಬರೆಯುವುದನ್ನು ನಿಲ್ಲಿಸಿದರೆ ನನ್ನನ್ನು ಮನೆಗೆ ಎಳೆದೊಯ್ಯುತ್ತಾರೆ. ಹಾಗಾಗಿ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಾವು ಇರುವುದು ಕಾಲುವೆಯ ಒಳಗೆ. ನೀರು ನಿಂತ ಮೇಲೆ ಮೇಲಿನ ಊರುಗಳಲ್ಲಿ ಬಿಸಿಲಿಗೆ ಇರಲಾಗದೆ ಜನ ಕೆಳಗಿಳಿದರು. ಕಾಲುವೆಯ ಎರಡು ಇಳಿಜಾರಿಗೆ ಹಾಸಿದ ಚಪ್ಪಡಿಗಳೇ ನಮ್ಮ ಗೋಡೆ. ಮೇಲೆ ಜಾಲಿಮರದ ತೊಲೆ ಅಡ್ಡ ಹಾಕಿ, ಅದರ ಮೇಲೆ ಮಣ್ಣು ಮುಚ್ಚಿದರೆ ಮನೆ. ನೀವು ಬಳ್ಳಾರಿ ಜಾಲಿ ಎಂದು ಶಾಪ ಹಾಕಿ ಕಡಿಯುತ್ತಿದ್ದ ಗಿಡವೇ ಈಗ ನಮ್ಮ ತೊಲೆ, ನಮ್ಮ ಉರುವಲು, ನಮ್ಮ ನೆರಳು. ಅದರ ಕಾಯಿ ಸಿಹಿ. ಕಾಯಿಗಳನ್ನು ಜಜ್ಜಿ, ನೆನೆಸಿ, ಸೋಸಿ ಕಾಸಿದರೆ ಕಂದು ಬಣ್ಣದ ಪಾಕ ಬರುತ್ತದೆ. ಕಬ್ಬು ಎಂಬ ಗಿಡದ ಹೆಸರು ಕೇಳಿದ್ದೇವೆ, ಕಂಡವರಿಲ್ಲ. ಬೆಳಗ್ಗೆ ಬೆಳಕು ಹರಿಯುವ ಮೊದಲು ಒಂದಿಷ್ಟು, ಸಂಜೆ ನೆರಳು ಉದ್ದವಾದ ಮೇಲೆ ಒಂದಿಷ್ಟು ಕೆಲಸ. ನಡುಹಗಲು ಯಾರೂ ಮೇಲೆ ಹೋಗುವುದಿಲ್ಲ. ಹೋದ ಆಡುಗಳು ಕೂಡ ತಿರುಗಿ ಬಂದದ್ದು ಕಡಿಮೆ. ಕೇರಿಗೆ ಒಂದೇ ಬಾವಿ. ಅದರ ನೀರು ಸವಳು. ಸುತ್ತ ಎಲ್ಲಿ ತೋಡಿದರೂ ಸವಳೇ, ಏಕೆಂದರೆ ನೀವು ಭತ್ತಕ್ಕೆಂದು ಹೊಲಗಳಲ್ಲಿ ವರ್ಷವಿಡೀ ನೀರು ನಿಲ್ಲಿಸಿದಿರಿ, ನೆಲದೊಳಗಿನ ಉಪ್ಪು ಮೇಲೆದ್ದು ಬಂತು, ಮತ್ತೆ ಕೆಳಗೆ ಹೋಗಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆ ನಿಮ್ಮದೇ ಅಲ್ಲವೆ? ತಿನ್ನುವ ಪಾಳಿ ನಿಮ್ಮದಾಯಿತು, ಕುಡಿಯುವ ಪಾಳಿ ನಮ್ಮದು. ಹುಟ್ಟಿದಾಗಿನಿಂದ ಅದನ್ನೇ ಕುಡಿದವರಿಗೆ ಅದು ಉಪ್ಪು ಎಂದು ನಾಲಿಗೆಗೆ ತಿಳಿಯುವುದೂ ಇಲ್ಲ. ನಮಗೆ ಅದು ನೀರು, ಅಷ್ಟೆ.

ಇನ್ನು ಗೋಡೆವ್ವನ ಮಾತು ಹೇಳಬೇಕು. ಕಾಲುವೆಯ ಏರಿಯ ಮೇಲೆ ನಿಮ್ಮ ಕಾಲದ ಒಂದು ಸಣ್ಣ ಕಟ್ಟಡ ಇತ್ತಂತೆ, ಔಷಧಿ ಕೊಡುವ ಕಟ್ಟಡ. ಚಾವಣಿ ಹೋಗಿದೆ, ಮೂರು ಗೋಡೆಗಳು ಹೋಗಿವೆ. ಒಂದು ಗೋಡೆ ನಿಂತಿದೆ. ಅದರ ಮೇಲೆ ನೀವು ಒಬ್ಬ ತಾಯಿಯ ಚಿತ್ರ ಬರೆಸಿದ್ದೀರಿ. ಹಸಿರು ಸೀರೆ, ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಕೂಸು, ಕೈಯಲ್ಲಿ ಲೋಟ. ಮಗ್ಗುಲಲ್ಲಿ ಅಕ್ಷರ: ಕುದಿಸಿ ಆರಿಸಿದ ಶುದ್ಧ ನೀರು ಒಂದು ಲೀಟರ್, ಸಕ್ಕರೆ ಆರು ಚಮಚ, ಉಪ್ಪು ಅರ್ಧ ಚಮಚ. ಅವಳೇ ನಮ್ಮ ಗೋಡೆವ್ವ. ಬಿಸಿಲುಗಾಳಿಗೆ ಬಣ್ಣ ಹೋಗದಂತೆ ಅವಳಿಗೆ ಚಪ್ಪರ ಹಾಕಿದ್ದೇವೆ, ಅರಿಸಿನ ಕುಂಕುಮ ಇಡುತ್ತೇವೆ, ಮದುವೆಯಾದ ಹೆಣ್ಣು ಮೊದಲು ಅವಳ ಪಾದ ಮುಟ್ಟುತ್ತಾಳೆ. ನಗಬೇಡಿ. ನಿಮ್ಮ ದೊಡ್ಡ ದೊಡ್ಡ ದೇವರುಗಳು ಒಂದೂ ಇಲ್ಲಿ ಉಳಿಯಲಿಲ್ಲ. ಮಕ್ಕಳನ್ನು ಉಳಿಸುವುದು ಹೇಗೆಂದು ಬಾಯಿಬಿಟ್ಟು ಹೇಳಿದವಳು ಇವಳೊಬ್ಬಳೇ.

ಅವಳು ಹೇಳಿದ ನೀರಿಗೆ ನಾವು ವಾರ್ಸ ಎನ್ನುತ್ತೇವೆ. ನೀವು ಓಆರ್‌ಎಸ್ ಎನ್ನುತ್ತಿದ್ದದ್ದು ಬಾಯಿಂದ ಬಾಯಿಗೆ ಉರುಳಿ ಹಾಗಾಯಿತು. ವಾರ್ಸಕ್ಕೆ ನಾಲ್ಕು ಅಕ್ಕತಂಗಿಯರ ಹಾಡೊಂದಿದೆ. ನಿಮ್ಮ ಕಾಲದಲ್ಲಿ ಪೊಟ್ಟಣದಲ್ಲಿ ನಾಲ್ಕು ಪುಡಿ ಸೇರಿಸಿ ಕೊಡುತ್ತಿದ್ದರಂತೆ, ಅವುಗಳ ಹೆಸರೇ ಹಾಡಿನಲ್ಲಿ ಉಳಿದಿವೆ: ಗ್ಲೂಕೋಸವ್ವ, ಸೋಡೆವ್ವ, ಪೊಟ್ಯಾಸವ್ವ, ಸಿಟ್ರವ್ವ. ಗ್ಲೂಕೋಸವ್ವ ಸಿಹಿ, ಸೋಡೆವ್ವ ಉಪ್ಪು. ಹೊಟ್ಟೆಯ ಬಾಗಿಲು ಒಬ್ಬೊಬ್ಬರಿಗೆ ಸಲೀಸಾಗಿ ತೆರೆಯುವುದಿಲ್ಲ. ಇಬ್ಬರೂ ಕೈಕೈ ಹಿಡಿದು ಬಂದರೆ ತೆರೆಯುತ್ತದೆ. ಅವರ ಬೆನ್ನು ಹತ್ತಿ ನೀರು ಒಳಗೆ ಬರುತ್ತದೆ. ಪೊಟ್ಯಾಸವ್ವ ಎದೆಯ ಡೊಳ್ಳು ತಪ್ಪದಂತೆ ನೋಡಿಕೊಳ್ಳುತ್ತಾಳೆ. ಸಿಟ್ರವ್ವ ರಕ್ತದ ಹುಳಿ ತೊಳೆಯುತ್ತಾಳೆ. ಗೋಡೆಯ ಮೇಲೆ ಮೊದಲಿಬ್ಬರು ಮಾತ್ರ ಇದ್ದಾರೆ, ಉಳಿದಿಬ್ಬರು ನಿಮ್ಮ ಜೊತೆಯೇ ಹೋದರು. ಈ ಹಾಡು ನಾನು ಕೇಳಿದ ಹಾಡುಗಳಲ್ಲೆಲ್ಲ ಬುದ್ಧಿಯುಳ್ಳದ್ದು. ಅದನ್ನು ಕಟ್ಟಿದ ಹೆಂಗಸಿನ ಪಾದಕ್ಕೆ ನಾನು ಈಗಲೂ ಬೀಳುತ್ತೇನೆ.

ವಾರ್ಸ ಕಲಸುವ ಕೆಲಸ ಯಾರು ಬೇಕಾದರೂ ಮಾಡುವಂಥದ್ದಲ್ಲ. ಕೇರಿಗೊಬ್ಬ ಕಲಸವ್ವ ಇರುತ್ತಾಳೆ. ನಮ್ಮ ಕೇರಿಗೆ ನನ್ನ ಅಕ್ಕ ಬಸಲಿಂಗವ್ವ. ಕೂಸಿಗೆ ಭೇದಿ ಹತ್ತಿದರೆ ತಾಯಿ ಅದನ್ನು ಎತ್ತಿಕೊಂಡು ಗೋಡೆಯ ಮುಂದೆ ಬಂದು ಕೂರಬೇಕು. ಕಲಸವ್ವ ಬಾವಿಯ ನೀರು ತಂದು ಒಲೆಯ ಮೇಲಿಡುತ್ತಾಳೆ. ಶುದ್ಧ ನೀರು ಎಂದು ಗೋಡೆ ಹೇಳಿದೆ. ಹೆಚ್ಚು ಕುದಿದಷ್ಟೂ ಹೆಚ್ಚು ಶುದ್ಧ ಎಂದು ನಮ್ಮವರು ಅರ್ಥ ಮಾಡಿಕೊಂಡರು. ಒಂದು ಉಕ್ಕಿಗೆ ಇಳಿಸುವ ಕಲಸವ್ವನನ್ನು ಸೋಮಾರಿ ಎನ್ನುತ್ತಾರೆ. ಭಕ್ತಿಯುಳ್ಳವಳು ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸುತ್ತಾಳೆ. ಆಮೇಲೆ ಆರಿಸಿ, ಒಂದು ಲೀಟರ್ ಅಳೆದು, ಜಾಲಿಪಾಕ ಆರು ಚಮಚ, ಉಪ್ಪು ಅರ್ಧ ಚಮಚ. ಹಾಕುವಾಗ ಗೋಡೆಯ ಕಡೆ ಮುಖ ಮಾಡಿ, ಹೆಚ್ಚಿಸಲಿಲ್ಲ ಕಡಿಮೆ ಮಾಡಲಿಲ್ಲ ತಾಯೀ ಎಂದು ಹೇಳಬೇಕು. ನನ್ನ ಅಕ್ಕನಂಥ ನಿಯತ್ತಿನ ಕಲಸವ್ವ ಈ ಕಾಲುವೆಯ ಉದ್ದಕ್ಕೂ ಇಲ್ಲ. ಚಮಚದ ಮೇಲೆ ಒಂದು ಹರಳು ಹೆಚ್ಚಾಗಿ ನಿಂತರೂ ಬೆರಳಿಂದ ಸವರಿ ತೆಗೆಯುತ್ತಾಳೆ.

ಆ ಉಪ್ಪು ಎಲ್ಲಿಂದ ಬರುತ್ತದೆ ಎಂದು ನಿಮಗೆ ಕೇಳಬೇಕೆನಿಸಿರಬಹುದು. ನಮ್ಮಲ್ಲಿ ಯಾರೂ ಕೇಳಲಿಲ್ಲ. ಅದೇ ಬಾವಿಯ ನೀರನ್ನು ನಾನು ಏರಿಯ ಮೇಲಿನ ಚಪ್ಪಡಿಗಳಿಗೆ ತೆಳ್ಳಗೆ ಹಾಯಿಸುತ್ತೇನೆ. ಬಿಸಿಲಿಗೆ ನೀರು ಹಾರಿ ಉಪ್ಪು ಉಳಿಯುತ್ತದೆ, ಗುಡಿಸಿ ತರುತ್ತೇನೆ. ನಮ್ಮ ಅವ್ವ ಅದನ್ನೇ ಮಾಡಿದಳು, ಅವಳ ಅವ್ವನೂ ಅದನ್ನೇ ಮಾಡಿದಳು. ಬಾವಿಯಿಂದ ತೆಗೆದ ಉಪ್ಪನ್ನು ಮತ್ತೆ ಬಾವಿಯ ನೀರಿಗೇ ಹಾಕಿ ಕೂಸಿಗೆ ಕುಡಿಸುತ್ತಿದ್ದೇವೆ ಎಂಬುದು ತಲೆತಲಾಂತರದಿಂದ ಉಪ್ಪು ಗುಡಿಸಿದ ಮನೆಯವರಿಗೂ ಹೊಳೆಯಲಿಲ್ಲ. ಕಣ್ಣೆದುರಿಗೇ ಇದ್ದದ್ದು ಯಾರಿಗೂ ಕಾಣಿಸಲಿಲ್ಲ. ಗೋಡೆ ಹಾಕು ಅಂದಿತು, ಹಾಕಿದೆವು.

ನನಗೆ ಹೊಳೆದದ್ದು ದ್ಯಾಮ ಹೋದ ಮೇಲೆ. ದ್ಯಾಮ ಯಂಕವ್ವನ ಮೊದಲ ಕೂಸು, ಗಂಡುಮಗು, ಹೋದ ಬೇಸಗೆಯಲ್ಲಿ ನಡೆಯಲು ಕಲಿತಿದ್ದ. ಭೇದಿ ಹತ್ತಿತು. ಅಕ್ಕ ವಾರ್ಸ ಕಲಸಿದಳು, ಯಂಕವ್ವ ಗುಟುಕು ಗುಟುಕಾಗಿ ಕುಡಿಸಿದಳು. ನೀರು ಆರಿ ಸಾಯುವ ಮಕ್ಕಳನ್ನು ನಾನು ನೋಡಿದ್ದೇನೆ. ಕಣ್ಣು ಒಳಗೆ ಹೋಗುತ್ತವೆ, ನೆತ್ತಿ ಕುಳಿ ಬೀಳುತ್ತದೆ, ಚರ್ಮ ಚಿವುಟಿದರೆ ಹಾಗೇ ಎದ್ದು ನಿಲ್ಲುತ್ತದೆ, ಅಳಲೂ ತ್ರಾಣವಿಲ್ಲದೆ ಸುಮ್ಮನಾಗುತ್ತವೆ. ದ್ಯಾಮ ಸುಮ್ಮನಾಗಲಿಲ್ಲ. ಕುಡಿದಷ್ಟೂ ಇನ್ನೂ ಬೇಕೆಂದು ಬಾಯಿ ತೆರೆದ. ಕೀರಲು ದನಿಯಲ್ಲಿ ಕಿರುಚಿದ. ಮೈ ಹಿಟ್ಟಿನ ಮುದ್ದೆಯಂತೆ ಮೆತ್ತಗಾಯಿತು. ಆಮೇಲೆ ಕೈಕಾಲು ಸೆಟೆದವು, ಕಣ್ಣು ಮೇಲೆ ಹೋದವು. ಹೀಗಾದರೆ ನಮ್ಮಲ್ಲಿ ಗೋಡೆವ್ವ ಮೈಮೇಲೆ ಬಂದಳು ಎನ್ನುತ್ತಾರೆ. ಅವಳಿಗೆ ಬೇಕಾದ ಕೂಸನ್ನು ಅವಳೇ ಕರೆದುಕೊಂಡಳು ಎಂದು ಅಳುವುದನ್ನೂ ನಿಲ್ಲಿಸುತ್ತಾರೆ. ಗೋಡೆಯ ಮಗ್ಗುಲಿನ ಚಪ್ಪರದ ಕಂಬಕ್ಕೆ ಅರಿಸಿನದ ಒಂದು ಬೊಟ್ಟು ಇಡುತ್ತಾರೆ. ಆ ಕಂಬ ಪೂರ್ತಿ ಹಳದಿಯಾಗಿದೆ. ನನ್ನ ಅಕ್ಕನ ಸ್ವಂತ ಎರಡು ಮಕ್ಕಳ ಬೊಟ್ಟುಗಳೂ ಅದರಲ್ಲಿವೆ.

ಬೊಟ್ಟು ಇಟ್ಟು ಬಂದ ಮಾರನೆಯ ದಿನ ನಾನು ಉಪ್ಪು ಗುಡಿಸಲು ಹೋದೆ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ದ್ಯಾಮನ ಬಾಯಿಯ ಹತ್ತಿರವೇ ಇತ್ತು. ಅಷ್ಟು ಕುಡಿದರೂ ಅವನಿಗೆ ಯಾಕೆ ಬಾಯಾರಿತು? ಮಧ್ಯಾಹ್ನ ಮನೆಯಲ್ಲಿ ಸವತೆಕಾಯಿ ಹೋಳಿಗೆ ಉಪ್ಪು ಸವರಿ ಇಟ್ಟಿದ್ದೆ, ಸಂಜೆ ನೋಡಿದರೆ ತಟ್ಟೆಯ ತುಂಬ ನೀರು, ಹೋಳು ಮುದುಡಿ ಬಿದ್ದಿತ್ತು. ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ ಎಂದು ಯಾವ ಹೆಂಗಸಿಗೆ ಗೊತ್ತಿಲ್ಲ? ನಾನು ಎದ್ದು ಒಂದು ಲೀಟರ್ ಬಾವಿನೀರನ್ನು ಹಂಚಿನ ಮೇಲೆ ಪೂರ್ತಿ ಇಂಗಿಸಿದೆ. ಉಳಿದ ಉಪ್ಪನ್ನು ಅಕ್ಕನ ಚಮಚದಂಥದೇ ಚಮಚದಲ್ಲಿ ತೆಗೆದೆ. ಅರ್ಧ ಚಮಚ ತುಂಬಿ ಮೇಲೆ ಚೂರು ಮಿಕ್ಕಿತು. ಗೋಡೆವ್ವ ಕೇಳಿದ ಉಪ್ಪು ಅದಾಗಲೇ ನೀರಿನಲ್ಲೇ ಇತ್ತು. ಅದನ್ನು ಅರ್ಧಕ್ಕೆ ಕುದಿಸಿ ಎರಡರಷ್ಟು ಮಾಡುತ್ತೇವೆ, ಮೇಲೆ ಇನ್ನರ್ಧ ಚಮಚ ಸುರಿಯುತ್ತೇವೆ. ಒಂದೇ ಮನೆಗೆ ಮೂವರು ಸೋಡೆವ್ವಂದಿರನ್ನು ತುಂಬಿಸಿಕೊಂಡಂತಾಯಿತು. ಅವರು ನೀರನ್ನು ಒಳಗೆ ಕರೆತರುವ ಬದಲು ಇದ್ದ ನೀರನ್ನೂ ಜಗ್ಗುತ್ತಾರೆ.

ಹಂಚನ್ನು ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಅವಳು ಜಾಲಿಕಾಯಿ ಜಜ್ಜುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಅವಳು ದಡ್ಡಿಯಲ್ಲ, ನನಗಿಂತ ಮೊದಲೇ ಮಾತಿನ ಕೊನೆ ಮುಟ್ಟಿದಳು.

"ಹುಲಿಗಿ, ನೀ ಹೇಳೂದು ಖರೇ ಅಂತ ಹಿಡಿ. ಹಂಗಂದ್ರ ಆ ಕಂಬದ ಮ್ಯಾಲಿನ ಬೊಟ್ಟು ಅಷ್ಟೂ ನಾ ಕೊಂದ ಕೂಸು ಅಂದಂಗಾತು. ನನ್ನ ಹೊಟ್ಟೀ ಕೂಸು ಎರಡೂ ನಾನ ಕೊಂದೆ ಅಂದಂಗಾತು. ಹೌದಿಲ್ಲೋ?"

ನಾನು ಹಂಚನ್ನು ಅವಳ ಕಡೆ ಸರಿಸಿದೆ.

"ಹೌದಿಲ್ಲೋ, ಹೇಳು."

"ಯಕ್ಕಾ, ನಿನಗ ಗೊತ್ತಿರಲಿಲ್ಲ..."

"ಗೊತ್ತಿರಲಿಲ್ಲ ಅಂದ್ರ ಸತ್ತದ್ದು ಎದ್ದು ಬರತೈತೇನು? ಅದಕ್ಕ ನೀ ಹೇಳೂದು ಸುಳ್ಳು. ಸುಳ್ಳು ಆಗಬೇಕು ಅದು. ಆ ಹಂಚು ಒಡದ ಹಾಕು, ಮನೀಗೆ ಹೋಗು."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಜಾಲಿಕಾಯಿಯ ಮೇಲೆ ಎತ್ತಿದ ಕಲ್ಲನ್ನು ಇಳಿಸಲೇ ಇಲ್ಲ. ಹಂಚು ಒಡೆಯದೆ ಮನೆಗೆ ಬಂದೆ. ಊರ ಹಿರಿಯರಿಗೆ ಹೇಳಿದೆ. ಅವರು ನನ್ನ ಉಪ್ಪು ನೋಡಿದರು, ಗೋಡೆ ನೋಡಿದರು. ಗೋಡೆಯಲ್ಲಿ ಉಪ್ಪು ಅರ್ಧ ಚಮಚ ಎಂದೇ ಇತ್ತು. ಗೋಡೆ ಹೇಳಿದ್ದನ್ನು ಕಡಿಮೆ ಮಾಡಲು ನಾವು ಯಾರು ಎಂದರು. ಸಾಬಣ್ಣ ಎಂಬುವನೊಬ್ಬ, ಈಗ ನನ್ನ ಬಲಕ್ಕೆ ಕಾವಲು ಕೂತಿರುವವನು, ಆಗಲೂ ಅಲ್ಲಿದ್ದ. "ಚಿಗವ್ವಾ, ನಮ್ಮ ಹಿಂದಿನವರು ಅಷ್ಟು ನೀರು ಕಂಡವರು. ನೀರಿನ ವಿಚಾರ ಅವರಿಗೆ ಗೊತ್ತಿರಲಿಲ್ಲಂತ ನಿನಗ ಗೊತ್ತಾತೇನು?" ಎಂದ. ಎಲ್ಲರೂ ನಕ್ಕರು. ನಗುವ ಮಾತೇ. ನಿಮಗೆ ನೀರಿನ ವಿಚಾರ ಗೊತ್ತಿದ್ದದ್ದು ನಿಜ, ಆದರೆ ನಿಮ್ಮ ನೀರಿನದು. ಆ ಗೋಡೆಗೆ ಬಣ್ಣ ಹಚ್ಚಿದವನ ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿತ್ತು. ನೀರೇ ಉಪ್ಪಾಗುವ ಕಾಲ ಬಂದೀತೆಂದು ಅವನಿಗೆ ಹೇಗೆ ತೋಚಬೇಕು? ಬಾಯಾರಿದಾಗ ಬಗ್ಗಿ ಬೊಗಸೆಯಲ್ಲಿ ಕುಡಿದು ಮತ್ತೆ ಕುಂಚ ಎತ್ತಿರುತ್ತಾನೆ. ಅವನ ಮೇಲೆ ನನಗೆ ಕೋಪವಿಲ್ಲ, ಹೊಟ್ಟೆಕಿಚ್ಚು ಇದೆ.

ಕಡೆಗೆ ನಾನೇ ಬರೆದೆ. ಇದ್ದಿಲಿನಿಂದ, ಗೋಡೆವ್ವನ ಅಕ್ಷರದ ಕೆಳಗೆ, ಅದೇ ಧಾಟಿಯಲ್ಲಿ: ನೀರು ಉಪ್ಪಾಗಿದ್ದರೆ ಉಪ್ಪು ಹಾಕಬೇಡಿ, ಹೆಚ್ಚು ಕುದಿಸಬೇಡಿ. ಬೆಳಗಾಗುವುದರೊಳಗೆ ಅಕ್ಕ ತನ್ನ ಸೆರಗಿನಿಂದ ಅದನ್ನು ಒರೆಸಿದ್ದಳು. ದೇವರ ಮೈಮೇಲೆ ಗೀಚಿದವಳೆಂದು ನನಗೆ ಬಹಿಷ್ಕಾರ ಹಾಕಬೇಕೆಂದರು. ಉಪ್ಪು ಮಾಡುವವರು ಬೇರೆ ಯಾರೂ ಇಲ್ಲದ್ದರಿಂದ ಹಾಕಲಿಲ್ಲ. ಇನ್ನೊಂದು ಸಲ ಬರೆದೆ, ಕೆಮ್ಮಣ್ಣಿನಿಂದ. ಅದನ್ನೂ ಒರೆಸಿದರು. ಆಗ ನನಗೆ ತಿಳಿಯಿತು, ನಾನು ಬರೆದದ್ದು ಎಷ್ಟು ನಿಜವಾದರೂ ಅದು ಹುಲಿಗೆವ್ವ ಬರೆದದ್ದು. ಅದಕ್ಕೆ ವಯಸ್ಸಿಲ್ಲ. ನಿಮ್ಮ ಬಣ್ಣ ನಮ್ಮಲ್ಲಿ ಇಲ್ಲ, ನಿಮ್ಮ ಕೈ ನಮ್ಮಲ್ಲಿ ಇಲ್ಲ.

ಈಗ ತಿಮ್ಮಿಯ ವಿಚಾರ. ನಿನ್ನೆ ಬೆಳಗ್ಗೆ ಭೇದಿ ಹತ್ತಿದಾಗ ಯಂಕವ್ವ ಬಾವಿಗೆ ಹೋಗಿದ್ದಳು. ನಾನು ಬಾವಿಯ ನೀರನ್ನೇ ಒಂದು ಉಕ್ಕು ಬರಿಸಿ, ಆರಿಸಿ, ಜಾಲಿಪಾಕ ಆರು ಚಮಚ ಹಾಕಿ ಕಲಸಿದೆ. ಉಪ್ಪು ಹಾಕಲಿಲ್ಲ. ಅಷ್ಟೇ ಮಾಡಿದ್ದು. ಬೆರಳಿನಿಂದ ಹನಿ ಹನಿ ಬಿಟ್ಟೆ. ಕೂಸು ಮೊದಲು ಕಾರಿತು, ಆಮೇಲೆ ಉಳಿಸಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಅತ್ತಾಗ ಕಣ್ಣಲ್ಲಿ ನೀರು ಬಂತು. ಹಿರಿಯರೇ, ಆ ಕಣ್ಣೀರನ್ನು ನೋಡಿ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಒಂದು ಸಲ ಉಚ್ಚೆಯನ್ನೂ ಹೊಯ್ದಿತು, ನನ್ನ ಸೀರೆಯ ಮೇಲೇ. ಆ ಸೀರೆಯನ್ನು ನಾನು ಇನ್ನೂ ಬದಲಿಸಿಲ್ಲ.

ಬಾವಿಯ ಸರದಿ ಮುಗಿಸಿ ಸಂಜೆ ಬಂದ ಯಂಕವ್ವ ಬಟ್ಟಲಿನ ನೀರನ್ನು ನಾಲಿಗೆಗೆ ಹಚ್ಚಿ ನೋಡಿದಳು. ವಾರ್ಸದ ಚುರುಕು ಅದರಲ್ಲಿ ಇರಲಿಲ್ಲ.

"ಯವ್ವಾ, ಉಪ್ಪು ಹಾಕಿಲ್ಲೇನು ನೀ?"

"ಇಲ್ಲ. ನೋಡು, ಕೂಸು ಚೇತರಿಸಿಕೊಳ್ಳಾಕ ಹತ್ತೈತಿ. ಇನ್ನೊಂದು ದಿನ ತಡಿ, ಯಂಕಿ. ನಿನ್ನ ಕಾಲು ಹಿಡಿತೀನಿ."

"ನನ್ನ ದ್ಯಾಮಗ ನಾ ಎಲ್ಲಾ ಸರಿ ಮಾಡಿದ್ನಿ. ಹೇಳಿದ್ದಷ್ಟೂ ಕುಡಿಸಿದ್ನಿ. ತಾಯಿ ಕರಕೊಂಡ್ಲು, ಅದು ಬ್ಯಾರೆ. ಈಗ ಈಕೀಗೆ ನೀ ಉಪ್ಪು ಬಿಟ್ಟು ಕುಡಿಸಿ, ಈಕಿ ಉಳದ್ರ..."

ಅವಳು ಅಲ್ಲಿಗೇ ನಿಲ್ಲಿಸಿದಳು. ತಿಮ್ಮಿ ಉಪ್ಪಿಲ್ಲದೆ ಉಳಿದರೆ ದ್ಯಾಮ ಉಪ್ಪಿನಿಂದ ಹೋದ. ಗುಟುಕು ಗುಟುಕಾಗಿ ಕುಡಿಸಿದ ಕೈ ಅವಳದು. ನನ್ನ ಮಗಳು ಆ ಲೆಕ್ಕದ ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡಲಾರದೆ ನಿಂತಳು. ಆಮೇಲೆ ಬಟ್ಟಲನ್ನು ನೆಲಕ್ಕೆ ಕುಕ್ಕಿ, ಕೂಸನ್ನು ಎದೆಗೆ ಒತ್ತಿಕೊಂಡಳು. "ನಿನ್ನ ಕೈ ಮುಟ್ಟಿಸಬ್ಯಾಡ" ಎಂದಳು. ಆಗಿನಿಂದ ಕೂಸಿಗೆ ಏನೂ ಸೇರಿಲ್ಲ; ವಾರ್ಸಕ್ಕೆ ಮುಂಚೆ ಒಂದು ಹಗಲು ಬಾಯಿ ಕಟ್ಟಬೇಕೆಂಬ ಕಟ್ಟಳೆ ಬೇರೆ. ಭೇದಿ ಮತ್ತೆ ಹೆಚ್ಚಾಯಿತು. ಈಗ ಅವಳು ಗೋಡೆಯ ಮುಂದೆ ಕೂತಿದ್ದಾಳೆ. ತಿಮ್ಮಿಯ ತಲೆ ಅವಳ ಮೊಣಕೈಯಿಂದಾಚೆ ಜೋತಿದೆ. ನಾನು ಬಿಸಿಲು ವಾಲುತ್ತಿದ್ದಂತೆ ಒಂದು ಸಲ ಒಲೆಗೆ ಒದ್ದೆ, ಪಾತ್ರೆ ಉರುಳಿತು. ಇನ್ನೊಂದು ಪಾತ್ರೆ ಇಟ್ಟರು, ಮೊದಲಿನಿಂದ ಕುದಿಸಿದರು. ಕೂಸಿನ ಅಷ್ಟು ಹೊತ್ತನ್ನು ನಾನೇ ಕಳೆದಂತಾಯಿತು. ಮತ್ತೆ ಒದೆಯುವ ಧೈರ್ಯ ನನಗಿಲ್ಲ.

ಹಿರಿಯರೇ, ಈ ಸಲ ನಾನು ಬೈಯುವುದಿಲ್ಲ. ಕೆರೆ ಕೇಳುವುದಿಲ್ಲ, ನದಿ ಕೇಳುವುದಿಲ್ಲ, ಮಳೆ ಕೇಳುವುದಿಲ್ಲ. ಅದನ್ನೆಲ್ಲ ಕೇಳಿ ಕೇಳಿ ನಮ್ಮವರ ಬಾಯಿ ಒಣಗಿದೆ. ನೀವು ಈಗ ಎಲ್ಲೋ ಗೋಡೆಗಳಿಗೆ ಚಿತ್ರ ಬರೆಸುತ್ತಿರುತ್ತೀರಿ. ನಮ್ಮ ಗೋಡೆಯ ಕೆಲಸ ಮುಗಿಸಿ ಏಣಿ ಇಳಿಯುವ ಮನುಷ್ಯ ನಿಮ್ಮಲ್ಲಿ ಯಾರೋ ಒಬ್ಬನಿದ್ದಾನೆ. ಅವನಿಗೆ ಹೇಳಿ, ಇನ್ನೊಂದು ಸಾಲು ಬರೆಯಲಿ. ತಾಯಿಯ ಪಾದದ ಕೆಳಗೆ ಒಂದು ಗೇಣು ಜಾಗ ಖಾಲಿ ಇದೆ, ಬರಿ ಸುಣ್ಣ. ನೀರು ಉಪ್ಪಾಗಿದ್ದರೆ ಉಪ್ಪು ಹಾಕಬೇಡಿ. ಇಷ್ಟೇ. ಬಣ್ಣ ಕಡಿಮೆಯಾದರೆ ಅಕ್ಷರ ಸಣ್ಣದು ಮಾಡಲಿ. ನನ್ನ ಅಕ್ಕನ ಕಣ್ಣು ಚೆನ್ನಾಗಿವೆ, ಓದುತ್ತಾಳೆ. ಗೋಡೆ ಹೇಳಿದ್ದನ್ನು ಅವಳು ಮೀರುವವಳಲ್ಲ. ಆ ಸಾಲು ಮೊದಲಿನಿಂದ ಇದ್ದಿದ್ದರೆ ಅವಳು ಯಾವ ಕೂಸಿಗೂ ಒಂದು ಹರಳು ಉಪ್ಪನ್ನೂ ಹಾಕುತ್ತಿರಲಿಲ್ಲ. ಅವಳ ಮಕ್ಕಳು ಇರುತ್ತಿದ್ದರು. ದ್ಯಾಮ ಈಗ ಕಾಲುವೆಯ ತುಂಬ ಓಡುತ್ತಿರುತ್ತಿದ್ದ.

ನೀವು ಬರೆಯುವುದಿಲ್ಲ ಎಂದು ನನಗೆ ಗೊತ್ತು. ನೀವು ಎಂದಾದರೂ ಬರೆಯುವವರಾಗಿದ್ದರೆ ಅದು ನಮಗೆ ಹುಟ್ಟಿದಾಗಿನಿಂದ ಅಲ್ಲಿ ಇರಬೇಕಿತ್ತು. ಆ ಜಾಗ ಖಾಲಿಯಿದೆ ಎಂದರೆ ಈ ಕಾಗದ ನಿಮ್ಮನ್ನು ಮುಟ್ಟಲಿಲ್ಲ, ಅಥವಾ ಮುಟ್ಟಿಯೂ ನೀವು ಮಡಚಿ ಇಟ್ಟಿರಿ. ಇಷ್ಟು ತಿಳಿದೂ ಬರೆಯುವವಳು ಹುಚ್ಚಿ ಎಂದು ಸಾಬಣ್ಣ ಅಂದುಕೊಳ್ಳುತ್ತಿರಬಹುದು. ಅಂದುಕೊಳ್ಳಲಿ. ಪ್ರತಿ ವಾಕ್ಯ ಮುಗಿದಾಗಲೂ ನಾನು ತಲೆಯೆತ್ತಿ ಗೋಡೆಯ ಕಡೆ ನೋಡುತ್ತಿದ್ದೇನೆ.

ಒಲೆಯಿಂದ ಪಾತ್ರೆ ಇಳಿಸಿ ಬಹಳ ಹೊತ್ತಾಯಿತು. ನೀರು ಆರಿದೆ. ಪಾಕ ಹಾಕಿದ್ದಾಯಿತು. ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು, ಆಮೇಲೆ ಗೋಡೆಯ ಕಡೆ ತಿರುಗಿದಳು. ಉಪ್ಪಿನ ಗಡಿಗೆಯ ಮುಚ್ಚಳ ತೆಗೆದಳು. ಅದರಲ್ಲಿರುವುದು ನಾನು ಗುಡಿಸಿ ತಂದ ಉಪ್ಪು. ಅವಳ ಅಳತೆ ತಪ್ಪುವುದಿಲ್ಲ. ಚಮಚವನ್ನು ಬೆರಳಿಂದ ಸವರುತ್ತಿದ್ದಾಳೆ.

ಪಾದದ ಕೆಳಗೆ ಇನ್ನೂ ಬರಿ ಸುಣ್ಣ ಇದೆ.

ಬೇಗ ಬರೆಯಿರಿ.